ಗಾರ್ಮಿನ್ ಫೋರ್‌ರನ್ನರ್ 55: ಮೂರು ವರ್ಷ ಕೈಗೆ ಕಟ್ಟಿಕೊಂಡ ಮೇಲೆ

ವಾಚು ತೆಗೆದುಕೊಂಡು ಎರಡು ವಾರಕ್ಕೆ ರಿವ್ಯೂ ಬರೆಯುವವರೇ ಜಾಸ್ತಿ. ನಾನು ಬರೆಯುತ್ತಿರುವುದು ಮೂರು ವರ್ಷ ಕಳೆದ ಮೇಲೆ. 2022ರ ಆಗಸ್ಟಿನಲ್ಲಿ ತೆಗೆದುಕೊಂಡೆ, ಇವತ್ತಿನವರೆಗೆ ಇದನ್ನು ಕಟ್ಟಿಕೊಂಡು ಸುಮಾರು 4,300 ಕಿಲೋಮೀಟರ್ ಓಡಿದ್ದೇನೆ. ಗಾಜಿನ ಮೇಲೆ ಎರಡು ಗೀರು ಇವೆ. ಒಂದು ಸ್ಕೂಟರ್ ಪಾರ್ಕ್ ಮಾಡುವಾಗ ಗೋಡೆಗೆ ಉಜ್ಜಿದ್ದು, ಇನ್ನೊಂದು ಕಾಯಿ ತುರಿಯುವಾಗ ಈಳಿಗೆ ಮಣೆ ತಾಗಿದ್ದು. ಅಂದರೆ ಓಡುವಾಗ ಇದಕ್ಕೆ ಏನೂ ಆಗಿಲ್ಲ, ಮನೆಕೆಲಸದಲ್ಲೇ ಪೆಟ್ಟು ತಿಂದಿರುವುದು.

ನಾನು ದೊಡ್ಡ ಓಟಗಾರ್ತಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿ ಕೆಲಸ, ಬಸವನಗುಡಿಯಲ್ಲಿ ಮನೆ, ಈಗ 42 ವಯಸ್ಸು. 2022ರ ಮೇ ತಿಂಗಳಲ್ಲಿ ಆಫೀಸಿನವರು ಎಳೆದುಕೊಂಡು ಹೋದರು ಅಂತ ಬೆಂಗಳೂರಿನ ವರ್ಲ್ಡ್ 10ಕೆ ದಿನ ಮಜ್ಜಾ ರನ್‌ಗೆ ಹೋಗಿದ್ದೆ. ಅದು ಟೈಮು ಲೆಕ್ಕ ಇಲ್ಲದ ಖುಷಿ ಓಟ, ಅರ್ಧ ದೂರ ಸೆಲ್ಫಿ ತೆಗೆಯುತ್ತಾ ನಡೆದಿದ್ದೇ ಬಂತು. ಆದರೆ ಪಕ್ಕದಲ್ಲಿ ಹತ್ತು ಕಿಲೋಮೀಟರ್ ಮುಗಿಸಿ ಬಂದವರು ಎದೆ ಮೇಲಿನ ನಂಬರ್ ಚೀಟಿ, ಅದೇ ಬಿಬ್, ಮುಟ್ಟಿಕೊಂಡು ನಿಂತಿದ್ದನ್ನು ನೋಡಿ, ಮುಂದಿನ ವರ್ಷ ನಾನೂ ಅಲ್ಲಿ ಇರಬೇಕು ಅನ್ನಿಸಿತು. ಮೊದಲ ಎರಡು ತಿಂಗಳು ಫೋನು ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ಬೆವರು ಕೈ, ಜಾರುವ ಫೋನು, ನೋಡಬೇಕೆಂದರೆ ಪಾಸ್‌ವರ್ಡ್ ಹಾಕಬೇಕು. ಒಂದು ದಿನ ಲಾಲ್‌ಬಾಗಿನ ಬಂಡೆ ಮೇಲೆ ಅದು ಕವಚಿ ಬಿದ್ದು ಗಾಜು ಸೀಳಿತು. ಮುನ್ನೂರು ಕೋಟಿ ವರ್ಷದ ಬಂಡೆ ಅದು, ನನ್ನ ಫೋನಿಗೆ ಕರುಣೆ ತೋರಿಸುತ್ತದೆಯೇ. ಅವತ್ತೇ ವಾಚು ತೆಗೆದುಕೊಳ್ಳುವುದು ಅಂತ ತೀರ್ಮಾನ ಆಯಿತು.

ಅಂಗಡಿಯ ಹುಡುಗ ನನ್ನನ್ನು ನೋಡಿದ ತಕ್ಷಣ ಗುಲಾಬಿ ಪಟ್ಟಿಯ, ಫೋನಿನ ಥರ ಹೊಳೆಯುವ ಸ್ಮಾರ್ಟ್‌ವಾಚು ತೆಗೆದಿಟ್ಟ. "ಮೇಡಂ, ಇದರಲ್ಲಿ ಕಾಲ್ ಮಾತಾಡಬಹುದು, ನೂರು ಸ್ಪೋರ್ಟ್ಸ್ ಮೋಡ್ ಇದೆ." ನನಗೆ ಒಂದೇ ಸ್ಪೋರ್ಟ್ ಬೇಕಪ್ಪ ಅಂದೆ. ಆಮೇಲೆ ನಲವತ್ತು ಸಾವಿರದ್ದು ತೋರಿಸಿದ. ಕೊನೆಗೆ ನಾನೇ ಹೆಸರು ಹೇಳಿ ಕೇಳಿದ ಮೇಲೆ ಒಳಗಿಂದ ಈ 55 ಬಂತು. 2021ರಲ್ಲಿ ಬಂದ ಮಾಡೆಲ್ ಇದು. ಇಪ್ಪತ್ತು ಸಾವಿರಕ್ಕೆ ಸ್ವಲ್ಪ ಕಮ್ಮಿ ಕೊಟ್ಟೆ. ಮನೆಯಲ್ಲಿ ಹನ್ನೆರಡು ಅಂತ ಹೇಳಿದ್ದೆ, ಇದನ್ನು ಅವರು ಓದುವುದಿಲ್ಲ ಅನ್ನುವ ಧೈರ್ಯದಲ್ಲಿ ಈಗ ಬರೆಯುತ್ತಿದ್ದೇನೆ.

ವಾಚಿನ ಮೈಕಟ್ಟು ಹೇಳಿ ಮುಗಿಸುತ್ತೇನೆ. 37 ಗ್ರಾಂ ತೂಕ, ಕಟ್ಟಿದ್ದೇ ಮರೆತುಹೋಗುತ್ತದೆ. ಟಚ್ ಇಲ್ಲ, ಐದು ಬಟನ್. ಟಚ್ ಇಲ್ಲವಲ್ಲ ಅಂತ ಮೂಗು ಮುರಿಯಬೇಡಿ. ನಮ್ಮ ಓಟದ ಗುಂಪಿನ ಹುಡುಗಿಯೊಬ್ಬಳ ಬಳಿ ಟಚ್ ವಾಚು ಇದೆ, ಮಳೆ ಹನಿ ಬಿದ್ದರೆ ಅದು ತಾನೇ ಹಾಡು ಬದಲಾಯಿಸುತ್ತದೆ, ಓಟ ನಿಲ್ಲಿಸುತ್ತದೆ, ಅವಳು ಅದನ್ನು ಬೈಯುತ್ತಾ ದುಪಟ್ಟಾದಲ್ಲಿ ಒರೆಸುತ್ತಾ ಹಿಂದೆ ಬೀಳುತ್ತಾಳೆ. ಇದರ ಪರದೆ ಮಂಕಾಗಿ ಕಾಣುತ್ತದೆ, ಅಂಗಡಿಯ ದೀಪದಲ್ಲಂತೂ ಸಪ್ಪೆ. ಆದರೆ ಬಿಸಿಲು ಹೆಚ್ಚಾದಷ್ಟೂ ಚೆನ್ನಾಗಿ ಕಾಣುತ್ತದೆ. ಓಡುವವರಿಗೆ ಬೇಕಾಗಿರುವುದು ಅದೇ ಅಲ್ವಾ. ಜಿಪಿಎಸ್ ಹಾಕಿಕೊಂಡು 20 ಗಂಟೆ, ಸುಮ್ನೆ ಕಟ್ಟಿಕೊಂಡಿದ್ದರೆ ಎರಡು ವಾರ ಚಾರ್ಜ್ ಬರುತ್ತದೆ ಅಂತ ಕಂಪನಿ ಹೇಳುತ್ತದೆ. ವಾರಕ್ಕೆ ನಾಲ್ಕು ದಿನ ಓಡುವ ನನಗೆ ಎಂಟೊಂಬತ್ತು ದಿನಕ್ಕೊಮ್ಮೆ ಚಾರ್ಜ್ ಸಾಕು. ಭಾನುವಾರ ಮಿಕ್ಸಿ ಪಕ್ಕದ ಪ್ಲಗ್ಗಿಗೆ ಹಾಕಿ ದೋಸೆ ಹಿಟ್ಟು ರುಬ್ಬಿ ಮುಗಿಸುವ ಹೊತ್ತಿಗೆ ತುಂಬಿರುತ್ತದೆ. ಹಾಡು ತುಂಬಿಸಿಕೊಳ್ಳುವುದು, ಮ್ಯಾಪ್ ನೋಡುವುದು ಇದರಲ್ಲಿ ಇಲ್ಲ. ಎತ್ತರ ಅಳೆಯುವ ಬ್ಯಾರೋಮೀಟರ್ ಇಲ್ಲ. ನಂದಿ ಬೆಟ್ಟ ಹತ್ತುವವರಿಗೆ ಅದು ಬೇಕಾಗಬಹುದು, ನನಗೆ ಸೌತ್ ಎಂಡ್ ಸರ್ಕಲ್ಲಿನ ಏರೇ ಬೆಟ್ಟ.

ಈಗ ಅಸಲು ವಿಷಯ. ಈ ಮೂರು ವರ್ಷದಲ್ಲಿ ವಾಚು ನನ್ನ ಹತ್ತಿರ ಸುಳ್ಳು ಹೇಳಿದ್ದು ಕಡಿಮೆ. ಅದು ಹೇಳಿದ್ದನ್ನು ನಾನು ತಪ್ಪಾಗಿ ಓದಿಕೊಂಡಿದ್ದೇ ಜಾಸ್ತಿ.

ಮೊದಲನೆಯದು ಆಟೋ ಪಾಸ್. ನಿಂತರೆ ವಾಚೂ ನಿಲ್ಲುತ್ತದೆ, ಮತ್ತೆ ಓಡಿದರೆ ಅದೂ ಶುರು. ಸಿಗ್ನಲ್ಲು, ಹಸು, ಹಾಲಿನ ವ್ಯಾನು ಇರುವ ಊರಿಗೆ ಹೇಳಿ ಮಾಡಿಸಿದ ವ್ಯವಸ್ಥೆ ಅಂದುಕೊಂಡು ಮೊದಲ ವಾರವೇ ಆನ್ ಮಾಡಿಬಿಟ್ಟೆ. ಆರು ತಿಂಗಳು ನನ್ನ ಪೇಸ್ ಏನು ಚೆನ್ನಾಗಿತ್ತು ಅಂತೀರಿ! ಕಿಲೋಮೀಟರಿಗೆ ಆರು ಮುಕ್ಕಾಲು ನಿಮಿಷದಿಂದ ಆರೂ ಕಾಲಿಗೆ ಇಳಿಯಿತು. ಗುಂಪಿನಲ್ಲಿ ಎಲ್ಲರಿಗೂ ತೋರಿಸಿದೆ. ನಡುವೆ ನೀರು ಕುಡಿಯಲು ನಿಂತಿದ್ದು, ಶೂ ಲೇಸ್ ಕಟ್ಟಿದ್ದು, ಉಸಿರು ಹಿಡಿಯಲಾಗದೆ ಲೇಸ್ ಕಟ್ಟುವ ನಾಟಕ ಮಾಡಿದ್ದು, ಯಾವುದೂ ಲೆಕ್ಕಕ್ಕೇ ಬಂದಿರಲಿಲ್ಲ. ಇದನ್ನು ಕಂಡುಹಿಡಿದದ್ದು ನಮ್ಮ ಮೇಷ್ಟ್ರು.

ಮೇಷ್ಟ್ರ ಬಗ್ಗೆ ಎರಡು ಮಾತು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು, ಅರವತ್ತರ ಮೇಲೆ ವಯಸ್ಸು, ಈಗಲೂ ನಮ್ಮನ್ನು ಹಿಂದೆ ಹಾಕುತ್ತಾರೆ. ಕೈಯಲ್ಲಿ ಎಚ್‌ಎಂಟಿ ವಾಚು, ದಿನಾ ಕೀ ಕೊಡಬೇಕಾದ್ದು, ನಮ್ಮ ಬೆಂಗಳೂರಲ್ಲೇ ಹುಟ್ಟಿದ್ದು. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಶುರುವಾದ ಆ ವಾಚಿನ ಕಾರ್ಖಾನೆ ಮುಚ್ಚಿಹೋದರೂ ಇವರ ವಾಚು ಓಡುತ್ತಿದೆ. ಓಡುತ್ತಿದೆ ಅಂದರೆ, ದಿನಕ್ಕೆ ನಾಲ್ಕು ನಿಮಿಷ ಹಿಂದೆ ಓಡುತ್ತಿದೆ. ಲಾಲ್‌ಬಾಗ್ ವೆಸ್ಟ್ ಗೇಟಿನ ಮುಂದೆ ನಾವೆಲ್ಲ ಕಾಯುತ್ತಾ ನಿಂತಿರುತ್ತೇವೆ, ಅವರು ಬಂದು "ಏನಮ್ಮ, ಇವತ್ತೂ ಬೇಗ ಬಂದುಬಿಟ್ರಾ" ಅನ್ನುತ್ತಾರೆ. ಅಂಥವರು ಒಂದು ದಿನ ನನ್ನ ಓಟದ ಲೆಕ್ಕ ನೋಡಿ, "ಐದೂವರೆಗೆ ಹೊರಟೆ ಅಂತೀಯ, ಆರೂ ಮುಕ್ಕಾಲಿಗೆ ವಾಪಸ್ ಅಂತೀಯ, ಇದರಲ್ಲಿ ಒಂದು ಗಂಟೆ ಮೂರು ನಿಮಿಷ ಇದೆ. ಉಳಿದ ಹನ್ನೆರಡು ನಿಮಿಷ ಎಲ್ಲಿ ಹೋಯ್ತಮ್ಮ?" ಅಂದರು. ಎಚ್‌ಎಂಟಿ ಕಟ್ಟಿದವರ ಕೈಯಲ್ಲಿ ಲೆಕ್ಕ ತಪ್ಪಿ ಸಿಕ್ಕಿಬಿದ್ದೆ. ಅವತ್ತು ಆಟೋ ಪಾಸ್ ಆಫ್ ಮಾಡಿದವಳು ಮತ್ತೆ ಆನ್ ಮಾಡಿಲ್ಲ. ರೇಸಿನಲ್ಲಿ ನೀವು ನೀರು ಕುಡಿಯಲು ನಿಂತರೆ ಗಡಿಯಾರ ನಿಲ್ಲುವುದಿಲ್ಲ, ಅಭ್ಯಾಸದಲ್ಲೂ ನಿಲ್ಲಬಾರದು.

ಜಿಪಿಎಸ್ ಬಗ್ಗೆ. ಆಕಾಶ ಬಯಲಾಗಿದ್ದರೆ ತಕರಾರೇ ಇಲ್ಲ. ಆದರೆ ಆಕಾಶ ಮುಚ್ಚಿದರೆ ಯಾವ ವಾಚಾದರೂ ಕುರುಡೇ. ಉಪಗ್ರಹದ ಸಿಗ್ನಲ್ಲು ಕಾಂಕ್ರೀಟಿಗೆ ಬಡಿದು, ಎಗರಿ, ಸುತ್ತುಹಾಕಿ ಬರುತ್ತದೆ, ವಾಚು ನಾವು ಇನ್ನೆಲ್ಲೋ ಇದ್ದೇವೆ ಅಂದುಕೊಳ್ಳುತ್ತದೆ. ಲಾಲ್‌ಬಾಗಿನಿಂದ ಸೌತ್ ಎಂಡ್, ಜಯನಗರದ ಕಡೆ ಮೆಟ್ರೋ ಮೇಲೆ ಹೋಗುತ್ತದಲ್ಲ, ಅದರ ಕೆಳಗೆ ಓಡಿ ನೋಡಿ. ನನ್ನ ಪೇಸ್ ಒಮ್ಮೆ 3:10 ತೋರಿಸಿತ್ತು. ಕೆನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2:01:09ಕ್ಕೆ ಮುಗಿಸಿದಾಗ ಓಡಿದ್ದು ಕಿಲೋಮೀಟರಿಗೆ 2:52ರ ಲೆಕ್ಕದಲ್ಲಿ. ಅಂದರೆ ನಾನು ಅವರಿಗಿಂತ ಬರೀ ಹದಿನೆಂಟು ಸೆಕೆಂಡ್ ಹಿಂದೆ, ಅದೂ ಮೆಟ್ರೋ ಪಿಲ್ಲರು, ನಿಂತ ಆಟೋ, ಕಸದ ರಾಶಿ ಎಲ್ಲ ಸುತ್ತಿಕೊಂಡು. ಲಾಲ್‌ಬಾಗಿನ ದೊಡ್ಡ ಮರಗಳ ಕೆಳಗೂ, ಫೋನಿನ ಆ್ಯಪಿನಲ್ಲಿ ಕಾಣುವ ನನ್ನ ದಾರಿಯ ಗೆರೆ ಸ್ವಲ್ಪ ಸೊಟ್ಟಪಟ್ಟ ಆಗುತ್ತದೆ. ಮ್ಯಾಪಿನ ಪ್ರಕಾರ ನಾನು ಎಷ್ಟೋ ಸಲ ಕೆರೆ ಮೇಲೆ ಓಡಿದ್ದೇನೆ. ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಆ ಕ್ಷಣದ ಪೇಸನ್ನು ಪದೇ ಪದೇ ನೋಡಿಕೊಂಡು ಓಡಬೇಡಿ. ಒಂದು ಕಿಲೋಮೀಟರಿನ ಸರಾಸರಿ ಪೇಸ್ ಪರದೆ ಮೇಲೆ ಬರುವ ಹಾಗೆ ಸೆಟ್ ಮಾಡಿಕೊಳ್ಳಿ, ನೆಮ್ಮದಿಯಾಗಿರುತ್ತದೆ. ಮನೆಯಿಂದ ಹೊರಗೆ ಬಂದು, ಹಸಿರು ಬಂದು ಸಿಗ್ನಲ್ ಸಿಕ್ಕಿತು ಅಂತ ತೋರಿಸಿದ ಮೇಲೆಯೇ ಸ್ಟಾರ್ಟ್ ಒತ್ತಿ. ಆ ಅರ್ಧ ನಿಮಿಷ ಕಾಯುವ ತಾಳ್ಮೆ ನನಗೆ ಬರಲು ಒಂದು ವರ್ಷ ಹಿಡಿಯಿತು.

ಹೃದಯ ಬಡಿತದ ಕಥೆ ಇನ್ನೂ ಮಜವಾಗಿದೆ. ವಾಚಿನ ಹಿಂದೆ ಹಸಿರು ದೀಪ ಮಿನುಗುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ, ಪ್ರತಿ ಬಡಿತಕ್ಕೂ ಎಷ್ಟು ಹೀರಿತು ಅನ್ನುವುದನ್ನು ನೋಡಿ ಅದು ಎಣಿಸುತ್ತದೆ. ಬಡಿತ ಎಣಿಸುವ ವಾಚುಗಳು ಸಾಮಾನ್ಯವಾಗಿ ಮಾಡುವುದು ಇದನ್ನೇ. ತೊಂದರೆ ಏನೆಂದರೆ, ಓಡುವಾಗ ಕೈ ಅಲ್ಲಾಡುವುದಕ್ಕೂ ಒಂದು ತಾಳ ಇರುತ್ತದಲ್ಲ, ಪಟ್ಟಿ ಸಡಿಲವಾಗಿದ್ದರೆ ಆ ತಾಳವನ್ನೇ ಎದೆಬಡಿತ ಅಂತ ತಿಳಿದುಕೊಳ್ಳುವುದುಂಟು. ಡಿಸೆಂಬರಿನ ಚಳಿಯಲ್ಲಿ ಕೈ ತಣ್ಣಗಿದ್ದಾಗ ಇದು ಜಾಸ್ತಿ. ನಿಧಾನಕ್ಕೆ ಮಾತಾಡಿಕೊಂಡು ಓಡುತ್ತಿದ್ದೇನೆ, ವಾಚು 170 ಅನ್ನುತ್ತಿದೆ! ನಾನು ಹೆದರಿ ಡಾಕ್ಟರ ಹತ್ತಿರ ಹೋಗಿ ಇಸಿಜಿ ಮಾಡಿಸಿಕೊಂಡು ಬಂದೆ. ಎಲ್ಲ ಸರಿ ಇತ್ತು. ಆಮೇಲೆ ನೋಡಿದರೆ ನಾನು ನಿಮಿಷಕ್ಕೆ ಇಡುವ ಹೆಜ್ಜೆಯೂ 170. ಪಟ್ಟಿಯನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲಕ್ಕೆ ಸರಿಸಿ ಬಿಗಿಯಾಗಿ ಕಟ್ಟಿದರೆ ಮುಕ್ಕಾಲು ಸಮಸ್ಯೆ ಹೋಗುತ್ತದೆ. ಬಳೆ ಹಾಕುವವರು ವಾಚನ್ನು ಇನ್ನೊಂದು ಕೈಗೆ ಕಟ್ಟಿಕೊಳ್ಳಿ. ಪೂರ್ತಿ ಸರಿಯಾದ ಲೆಕ್ಕ ಬೇಕಿದ್ದರೆ ಎದೆಗೆ ಕಟ್ಟುವ ಪಟ್ಟಿ ಬರುತ್ತದೆ, ಅದನ್ನು ಇದಕ್ಕೆ ಜೋಡಿಸಬಹುದು. ನಾನು ಇಂಟರ್ವಲ್, ಅಂದರೆ ಸ್ವಲ್ಪ ಜೋರು ಸ್ವಲ್ಪ ನಿಧಾನ ಅಂತ ಬದಲಾಯಿಸಿ ಓಡುವ ಅಭ್ಯಾಸ, ಮಾಡುವ ದಿನ ಮಾತ್ರ ಅದನ್ನು ಹಾಕುತ್ತೇನೆ.

ಇನ್ನೊಂದು, ಹೃದಯದ ಗರಿಷ್ಠ ಬಡಿತ ಅಂತ 220ರಲ್ಲಿ ವಯಸ್ಸು ಕಳೆಯುವ ಹಳೇ ಲೆಕ್ಕ ಇದೆಯಲ್ಲ, ಅದು ಎಲ್ಲರಿಗೂ ಹೊಂದುವುದಿಲ್ಲ. ನಲವತ್ತನೇ ವಯಸ್ಸಿಗೆ ನನಗೆ 180 ಬಂತು. ಓಟ ಸುಲಭವೋ ಕಷ್ಟವೋ ಅನ್ನುವುದನ್ನು ವಾಚು ಈ ಗರಿಷ್ಠಕ್ಕೆ ಹೋಲಿಸಿಯೇ ಹೇಳುವುದು. ಆ ಲೆಕ್ಕದಲ್ಲಿ ನಾನು ಓಡಿದ್ದೆಲ್ಲ ಕಷ್ಟದ ಓಟ, ಸುಲಭದ ಓಟ ಅನ್ನುವುದೇ ಇಲ್ಲ. ಏರಿನಲ್ಲಿ ಮೂರು ಸಲ ಜೀವ ಹೋಗುವಷ್ಟು ಓಡಿ ಎದೆಪಟ್ಟಿಯಲ್ಲಿ ನೋಡಿದಾಗ 191 ತಲುಪಿತ್ತು. ಆ ಸಂಖ್ಯೆಯನ್ನು ಕೈಯಾರೆ ಹಾಕಿದ ಮೇಲೆ ವಾಚು ನನ್ನ ಜೊತೆ ಸರಿಯಾಗಿ ಮಾತಾಡಲು ಶುರು ಮಾಡಿತು. ಈ ಪರೀಕ್ಷೆ ಮಾಡುವ ಮೊದಲು ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ, ನನ್ನದು ಇಸಿಜಿ ಆಗಿತ್ತು ಅನ್ನುವ ಧೈರ್ಯ.

ಇನ್ನು 2023ರ ಮೇ, ವರ್ಲ್ಡ್ 10ಕೆ. 2008ರಿಂದ ನಡೆಯುತ್ತಿರುವ ರೇಸು, ನಮ್ಮೂರಿನ ಹಬ್ಬವೇ ಅದು. ಈ ಸಲ ಮಜ್ಜಾ ಅಲ್ಲ, ಬಿಬ್ ಹಿಂದೆ ಟೈಮು ಅಳೆಯುವ ಚಿಪ್ ಇರುವ ಅಸಲಿ ಹತ್ತು ಕಿಲೋಮೀಟರ್. ಒಂದು ಗಂಟೆಯ ಒಳಗೆ ಮುಗಿಸಬೇಕು ಅಂತ ಹಠ. ಒಂದು ಗಂಟೆ ಅಂದರೆ ಕಿಲೋಮೀಟರಿಗೆ ಸರಿಯಾಗಿ 6:00. ನಾನು ಜಾಣೆ, ವಾಚಿನ ಸರಾಸರಿ ಪೇಸನ್ನು 5:56ರಲ್ಲಿ ಹಿಡಿದಿಟ್ಟೆ, ನಾಲ್ಕು ಸೆಕೆಂಡ್ ಉಳಿತಾಯ. ಒಂಬತ್ತನೇ ಕಿಲೋಮೀಟರಿನಲ್ಲಿ ಮನಸ್ಸಿನಲ್ಲೇ ಫೇಸ್‌ಬುಕ್ಕಿಗೆ ಏನು ಬರೆಯುವುದು ಅಂತ ವಾಕ್ಯ ಕಟ್ಟುತ್ತಿದ್ದೆ. ವಾಚು ಹತ್ತು ಕಿಲೋಮೀಟರ್ ಅಂತ ಝುಂ ಅಂದಾಗ ಗುರಿ ಗೆರೆ ಇನ್ನೂ ನೂರೆಪ್ಪತ್ತು ಮೀಟರ್ ದೂರದಲ್ಲಿತ್ತು. ಮುಗಿಸಿದಾಗ 1:00:24. ವಾಚಿನ ದೂರ 10.17. ಪೇಸ್ ಮಾತ್ರ ಅದೇ 5:56, ನಗುತ್ತಾ ಕೂತಿತ್ತು.

ಕೋಪ ಬಂದು ಅವತ್ತು ಎಲ್ಲರ ಹತ್ತಿರ ರೂಟೇ ಉದ್ದ ಇದೆ ಅಂತ ವಾದ ಮಾಡಿದೆ. ಮೇಷ್ಟ್ರು ಕೂರಿಸಿ ಹೇಳಿದರು. ಇಂಥ ದೊಡ್ಡ ರೇಸಿನ ದಾರಿಯನ್ನು ಅಳೆಯುವುದು ಜಿಪಿಎಸ್ ಇಟ್ಟುಕೊಂಡಲ್ಲ, ಸೈಕಲ್ಲಿನಲ್ಲಿ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನುವ ಎಣಿಸುವ ಸಣ್ಣ ಯಂತ್ರ ಹಾಕಿ, ಸಾಧ್ಯವಿರುವ ಅತಿ ಹತ್ತಿರದ ದಾರಿ ಹಿಡಿದು, ತಿರುವಿನಲ್ಲಿ ಒಳಅಂಚಿಗೆ 30 ಸೆಂಟಿಮೀಟರ್ ಪಕ್ಕದಲ್ಲೇ ತುಳಿದುಕೊಂಡು ಹೋಗುತ್ತಾರೆ. ದಾರಿ ಕಮ್ಮಿ ಬೀಳಬಾರದು ಅಂತ ಸಾವಿರಕ್ಕೆ ಒಂದು ಮೀಟರ್ ಕೊಸರು ಸೇರಿಸುತ್ತಾರೆ. ಹತ್ತು ಕಿಲೋಮೀಟರಿಗೆ ಹತ್ತು ಮೀಟರ್ ಕೊಸರು. ಉಳಿದದ್ದೆಲ್ಲ ನಾನೇ ಓಡಿದ್ದು. ಎದುರಿಗಿದ್ದವರನ್ನು ದಾಟಲು ಆ ಕಡೆ ಈ ಕಡೆ ಹೋಗಿದ್ದು, ತಿರುವಿನಲ್ಲಿ ಹೊರಗಿನಿಂದ ಸುತ್ತಿದ್ದು, ಡೊಳ್ಳು ಬಾರಿಸುವವರು ಇದ್ದಾರೆ ಅಂತ ರಸ್ತೆಯ ಆ ಬದಿಗೆ ಹೋಗಿ ಬಂದಿದ್ದು. ಜೊತೆಗೆ ಜಿಪಿಎಸ್ಸಿನ ಸಣ್ಣಪುಟ್ಟ ಸೊಟ್ಟ. "ಅವರು ಹತ್ತು ಕಿಲೋಮೀಟರ್ ಇಟ್ಟಿದ್ದರಮ್ಮ, ನೀನು ಜಾಸ್ತಿ ಬಡಿಸಿಕೊಂಡೆ" ಅಂದರು.

ಅದಕ್ಕೆ ಪರಿಹಾರ ವಾಚಿನಲ್ಲೇ ಇದೆ, ಇದನ್ನು ಹೇಳುವುದಕ್ಕೇ ನಾನು ಈ ರಿವ್ಯೂ ಬರೆಯಲು ಕೂತಿದ್ದು. ರೇಸಿನ ದಿನ ಆಟೋ ಲ್ಯಾಪ್, ಅಂದರೆ ಜಿಪಿಎಸ್ ನೋಡಿ ವಾಚು ತಾನೇ ಪ್ರತಿ ಕಿಲೋಮೀಟರಿಗೆ ಗುರುತು ಹಾಕುವುದನ್ನು, ಆಫ್ ಮಾಡಿ. ರಸ್ತೆ ಬದಿ ಕಿಲೋಮೀಟರ್ ಬೋರ್ಡು ಬಂದಾಗಲೆಲ್ಲ ಬಲಗಡೆಯ ಕೆಳಗಿನ ಲ್ಯಾಪ್ ಬಟನ್ ಒತ್ತಿ. ಆಗ ಬೋರ್ಡಿನಿಂದ ಬೋರ್ಡಿಗೆ ಎಷ್ಟು ಹೊತ್ತಾಯಿತು ಅನ್ನುವ ನಿಜವಾದ ಲೆಕ್ಕ ಸಿಗುತ್ತದೆ, ಜಿಪಿಎಸ್ ಏನೇ ಹೇಳಲಿ. ಅದೂ ಬೇಡ ಅಂದರೆ ಗುರಿಗಿಂತ ಕಿಲೋಮೀಟರಿಗೆ ಆರೇಳು ಸೆಕೆಂಡ್ ವೇಗವಾಗಿ ಓಡಿ, ಅಷ್ಟೇ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಇದೇ ಥರ ಬಟನ್ ಒತ್ತಿಕೊಂಡು ಓಡಿ 58:51ಕ್ಕೆ ಮುಗಿಸಿದೆ.

ದಿನಾ ಇವತ್ತು ಏನು ಓಡಬೇಕು ಅಂತ ವಾಚೇ ಹೇಳುತ್ತದೆ. ಕೋಚ್ ಇಲ್ಲದವರಿಗೆ ಇದು ಒಳ್ಳೆಯದು, ನಿಜಕ್ಕೂ ಒಳ್ಳೆಯದು. ಜಾಸ್ತಿ ದಿನ ನಿಧಾನಕ್ಕೆ ಓಡು ಅಂತಲೇ ಹೇಳುತ್ತದೆ, ನಾವು ಕೇಳುವುದಿಲ್ಲ ಅಷ್ಟೇ. ಆದರೆ ಅದಕ್ಕೆ ನಮ್ಮ ಮನೆ ಗೊತ್ತಿಲ್ಲ. ಗೌರಿ ಹಬ್ಬದ ದಿನ ಇಪ್ಪತ್ತು ಜನಕ್ಕೆ ಅಡುಗೆ ಮಾಡಿ, ಕಡುಬು ಬೇಯಿಸಿ, ಬಾಗಿನ ಕೊಟ್ಟು, ರಾತ್ರಿ ಪಾತ್ರೆ ಒರೆಸಿಟ್ಟು ಕೂತಾಗ ನೋಡಿದರೆ 14,000 ಹೆಜ್ಜೆ. ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ. ಓಡಿಲ್ಲ ಅಂತ ವಾಚು ನನ್ನನ್ನು ವಿಶ್ರಾಂತಿ ಪಡೆದವಳು ಅಂತ ತಿಳಿದು ಮರುದಿನ ಬೆಳಿಗ್ಗೆ 50 ನಿಮಿಷ ಓಡು ಅಂದಿತು. ನಾನು ಹೊದ್ದುಕೊಂಡು ಮಲಗಿದೆ. ರೇಸಿನಲ್ಲಿ ಎಷ್ಟು ಹೊತ್ತಿಗೆ ಮುಗಿಸುತ್ತೀರಿ ಅಂತಲೂ ಭವಿಷ್ಯ ಹೇಳುತ್ತದೆ. ಹತ್ತು ಕಿಲೋಮೀಟರಿಗೆ ಹತ್ತಿರ ಬರುತ್ತದೆ, ಮ್ಯಾರಥಾನಿಗೆ ನನಗೆ ನಾಲ್ಕೂ ಕಾಲು ಗಂಟೆ ಅಂದಿತ್ತು. 30 ಕಿಲೋಮೀಟರ್ ದಾಟಿದ ಮೇಲೆ ತೊಡೆಯಲ್ಲಿ ಏನಾಗುತ್ತದೆ ಅನ್ನುವುದು ಆ ಲೆಕ್ಕದಲ್ಲಿ ಬರುವುದಿಲ್ಲ. ಅದನ್ನು ಜಾತಕದ ಹಾಗೆ ನೋಡಿ, ನಂಬಿ ಮದುವೆ ಮಾಡಬೇಡಿ.

ಹೆಂಗಸರಿಗೆ ಅಂತ ಒಂದು ಮಾತು. ಬೆಳಿಗ್ಗೆ ಐದಕ್ಕೆ ಕತ್ತಲಲ್ಲಿ ಓಡುವಾಗ ನಾಯಿಗಳಿಗಿಂತ ಬೇರೆ ಭಯಗಳೂ ಇರುತ್ತವೆ. ಇದರಲ್ಲಿ ಎಡಗಡೆ ಮೇಲಿನ, ದೀಪದ ಬಟನ್ನನ್ನು ಒತ್ತಿ ಹಿಡಿದರೆ ಮೂರು ಸಲ ನಡುಗುತ್ತದೆ, ಆಮೇಲೆ ನಾವು ಮೊದಲೇ ಕೊಟ್ಟಿರುವ ನಂಬರಿಗೆ ಎಲ್ಲಿದ್ದೇವೆ ಅನ್ನುವ ಸಮೇತ ಸಂದೇಶ ಹೋಗುತ್ತದೆ. ಫೋನು ಜೊತೆಯಲ್ಲಿ ಇರಬೇಕು, ಅದು ನೆನಪಿರಲಿ. ದೇವರ ದಯೆ, ಓಡುವಾಗ ಒಮ್ಮೆಯೂ ಬೇಕಾಗಿಲ್ಲ. ಆದರೆ ಒಂದು ಸಂಜೆ ಬಿಎಂಟಿಸಿ ಬಸ್ಸಿನಲ್ಲಿ ನಿಂತುಕೊಂಡು ಕಂಬಿಗೆ ಕೈ ಒತ್ತಿಕೊಂಡಿದ್ದೆ, ಬಟನ್ ಒತ್ತಿಹೋಗಿದೆ, ಆ ಗದ್ದಲದಲ್ಲಿ ನಡುಗಿದ್ದು ಗೊತ್ತಾಗಿಲ್ಲ. ನಮ್ಮವರು ಮೀಟಿಂಗಿನಿಂದ ಎದ್ದು ಸ್ಕೂಟರ್ ಹತ್ತಿ ಮಿನರ್ವ ಸರ್ಕಲ್ಲಿಗೆ ಬಂದು, ಬಸ್ಸು ಅಡ್ಡಗಟ್ಟದಿದ್ದುದೊಂದು ಬಾಕಿ. ತಪ್ಪು ನನ್ನದೇ. ಆದರೆ ಕೆಲಸ ಮಾಡುತ್ತದೆ ಅನ್ನುವುದು ಅವತ್ತು ಇಬ್ಬರಿಗೂ ಗೊತ್ತಾಯಿತು.

ಈಗ ಮುಂಬೈ. 2025ರ ಜನವರಿ, ಟಾಟಾ ಮುಂಬೈ ಮ್ಯಾರಥಾನ್, ನನ್ನ ಮೊದಲ 42.195 ಕಿಲೋಮೀಟರ್. ಮಾಟುಂಗಾದಲ್ಲಿ ಚಿಕ್ಕಮ್ಮನ ಮನೆ ಇರುವುದರಿಂದ ಉಳಿಯುವ ಚಿಂತೆ ಇರಲಿಲ್ಲ. ಚಿಕ್ಕಮ್ಮ ಹಿಂದಿನ ರಾತ್ರಿ ಅನ್ನ ಸಾರು ಬಡಿಸುತ್ತಾ, "ಅಷ್ಟು ದೂರಕ್ಕೆ ಇಲ್ಲಿ ಲೋಕಲ್ ಟ್ರೈನ್ ಇದೆ ಕಣೇ" ಅಂದರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ತಣ್ಣಗಿನ ಒಣ ಗಾಳಿ. ಮುಂಬೈಯಲ್ಲಿ ಜನವರಿಯಲ್ಲೂ ಬೆಳಿಗ್ಗೆ ಐದಕ್ಕೇ ಮೈ ಅಂಟು ಅಂಟು. ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರು ಶುರುವಾಗಿ ಮೊದಲ ಐದು ಕಿಲೋಮೀಟರಿನಲ್ಲೇ ನನ್ನ ಬಡಿತ ಊರಲ್ಲಿ ಅದೇ ಪೇಸಿಗೆ ಇರುವುದಕ್ಕಿಂತ ಹತ್ತು ಜಾಸ್ತಿ ತೋರಿಸುತ್ತಿತ್ತು. ಇಲ್ಲಿ ವಾಚಿನ ಮಾತು ಕೇಳಿದೆ, ಪೇಸ್ ಇಳಿಸಿದೆ. ಅವತ್ತು ಕೇಳದಿದ್ದರೆ ಈ ಕಥೆ ಬೇರೆ ಥರ ಮುಗಿಯುತ್ತಿತ್ತು. ಗುರಿ ಐದು ಗಂಟೆಯ ಒಳಗೆ, ಅಂದರೆ ಕಿಲೋಮೀಟರಿಗೆ 7:06. ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್ ಮೇಲೆ ಬೆಳಕು ಹರಿಯಿತು, ಗಾಳಿ ಬಂತು, ಪ್ರತಿ ಬೋರ್ಡಿಗೂ ಕಲಿತ ಪಾಠದ ಪ್ರಕಾರ ಬಟನ್ ಒತ್ತುತ್ತಾ ಹೋದೆ. 7:01, 7:03, 6:59. ಅಡುಗೆ ಪುಸ್ತಕದ ಅಳತೆ ಹಾಗೆ ಬರುತ್ತಿತ್ತು.

ಇಪ್ಪತ್ತೆಂಟನೇ ಬೋರ್ಡು. ಆಗ ತಾನೇ ಯಾರೋ ಕೊಟ್ಟ ಕಿತ್ತಳೆ ತೊಳೆ ತಿಂದಿದ್ದೆ, ಬೆರಳೆಲ್ಲ ರಸ, ಅದರ ಮೇಲೆ ಬೆವರು, ತಲೆಗೆ ಸುರಿದುಕೊಂಡ ನೀರು. ಬಲಗಡೆಯ ಕೆಳಗಿನ ಬಟನ್ ಒತ್ತಬೇಕಾದವಳು ಬೆರಳು ಜಾರಿ ಮೇಲಿನದನ್ನು ಒತ್ತಿದೆ. ಮೇಲಿನದು ಸ್ಟಾಪ್. ವಾಚು ಝುಂ ಅಂದಿತು, ನನಗೂ ಬೇಕಾಗಿದ್ದು ಝುಂ ಅನ್ನುವುದೇ, ಓಡುತ್ತಾ ಹೋದೆ. ಇಪ್ಪತ್ತೊಂಬತ್ತರ ಬೋರ್ಡು ಕಾಣಲೇ ಇಲ್ಲ, ತಲೆ ಬಗ್ಗಿಸಿಕೊಂಡಿದ್ದೆ. ಮತ್ತೆ ಸ್ವಲ್ಪ ದೂರ ಹೋಗಿ ಟೈಮು ನೋಡೋಣ ಅಂತ ಕೈ ಎತ್ತಿದರೆ ಪರದೆ ನಿಂತುಬಿಟ್ಟಿದೆ! ಒಂದೂವರೆ ಕಿಲೋಮೀಟರಿಗೂ ಜಾಸ್ತಿ ಹೋಗಿತ್ತು. ಆ ಹೊತ್ತಿನಲ್ಲಿ ತಲೆಗೆ ಕೂಡುವ ಕಳೆಯುವ ಶಕ್ತಿ ಇರುವುದಿಲ್ಲ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಸರ್ವೀಸು, ಏಳನ್ನು ಎರಡರಿಂದ ಗುಣಿಸಲಾಗದೆ ಅಳು ಬಂತು. ಮತ್ತೆ ಸ್ಟಾರ್ಟ್ ಒತ್ತಿ, ಲೆಕ್ಕ ಎಲ್ಲ ಬಿಟ್ಟು, ಮುಂದೆ ಹೋಗುತ್ತಿದ್ದ ಕೆಂಪು ಟೀ ಶರ್ಟಿನ ಒಬ್ಬ ಅಜ್ಜನ ಹಿಂದೆ ಅವರ ಹೆಜ್ಜೆಗೇ ಹೆಜ್ಜೆ ಹಾಕಿದೆ. ಪೆಡ್ಡರ್ ರೋಡಿನ ಏರಿನಲ್ಲಿ, ಆ ಏರು ಮೂವತ್ತೈದು ದಾಟಿದ ಮೇಲೆ ಬರುತ್ತದೆ ಅನ್ನುವುದೇ ಅದರ ಕ್ರೌರ್ಯ, ಅಜ್ಜ ನಡೆಯಲು ಶುರು ಮಾಡಿದರು, ನಾನೂ ನಡೆದೆ. ಮನೆಗಳಿಂದ ಜನ ಇಳಿದು ಬಂದು ಉಪ್ಪು, ಬೆಲ್ಲ, ಐಸು, ನೋವಿನ ಸ್ಪ್ರೇ ಹಿಡಿದು ನಿಂತಿದ್ದರು. ಏರು ಮುಗಿದ ಮೇಲೆ ಅಜ್ಜ ಓಡಿದರು, ನಾನು ಇನ್ನೂ ಸ್ವಲ್ಪ ನಡೆದು ಆಮೇಲೆ ಓಡಿದೆ.

ಚಿಪ್ ಟೈಮು 4:56:42. ವಾಚಿನಲ್ಲಿ 4:45:10, ದೂರ 41.1 ಕಿಲೋಮೀಟರ್. ಇಪ್ಪತ್ತೆಂಟರ ಹತ್ತಿರ ಮ್ಯಾಪಿನ ಗೆರೆ ರಸ್ತೆ ಬಿಟ್ಟು ನೆಟ್ಟಗೆ ಮನೆಗಳ ಮೇಲೇ ಹೋಗಿದೆ. ವಾಚಿನ ದಾಖಲೆಯಲ್ಲಿ ನಾನು ಇನ್ನೂ ಮ್ಯಾರಥಾನ್ ಓಡೇ ಇಲ್ಲ. ಮೆಡಲ್ ಇದೆ, ಸರ್ಟಿಫಿಕೇಟ್ ಇದೆ, ಆದರೂ ಆ್ಯಪಿನಲ್ಲಿ ಅತಿ ಉದ್ದದ ಓಟ 41.1 ಅಂತ ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಏನೋ ಆಗುತ್ತದೆ. ರೇಸಿನಲ್ಲಿ ಓಡುವಾಗ ಬಟನ್ನುಗಳನ್ನು ಲಾಕ್ ಮಾಡಬಹುದು ಅಂತ ಗುಂಪಿನ ಹುಡುಗ ಸಲಹೆ ಕೊಟ್ಟ. ಲಾಕ್ ಮಾಡಿದರೆ ಲ್ಯಾಪ್ ಬಟನ್ನೂ ಲಾಕ್ ಆಗುತ್ತದಲ್ಲಪ್ಪ. ಈಗ ನಾನು ಕೆಳಗಿನ ಬಟನ್ ಮೇಲೆ ಉಗುರು ಬಣ್ಣದ ಒಂದು ದಪ್ಪ ಚುಕ್ಕೆ ಹಾಕಿ ಒಣಗಿಸಿದ್ದೇನೆ. ಬೆರಳಿಗೆ ಉಬ್ಬು ಸಿಗುತ್ತದೆ. ಮೂರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು.

ರಿಪೇರಿ ಖರ್ಚು. ಎರಡು ವರ್ಷಕ್ಕೆ ಪಟ್ಟಿ ಬಿರುಕು ಬಿಟ್ಟಿತು, 20 ಎಂಎಂ ಪಟ್ಟಿ ಅಂತ ಕೇಳಿದರೆ ಮಾಮೂಲಿ ವಾಚು ರಿಪೇರಿ ಅಂಗಡಿಯಲ್ಲೇ ಸಿಗುತ್ತದೆ, ಗಾಂಧಿ ಬಜಾರಿನಲ್ಲಿ 250 ರೂಪಾಯಿ ಕೊಟ್ಟೆ. ಚಾರ್ಜ್ ಆಗುತ್ತಿಲ್ಲ ಅಂತ ಒಮ್ಮೆ ಗಾಬರಿ ಆಗಿತ್ತು. ನೋಡಿದರೆ ಹಿಂದಿನ ನಾಲ್ಕು ಚುಕ್ಕೆಗಳ ಮೇಲೆ ಬೆವರಿನ ಉಪ್ಪು ಕಟ್ಟಿ ಹಸಿರು ಹಿಡಿದಿತ್ತು. ಹಳೇ ಟೂತ್‌ಬ್ರಷ್, ಸ್ವಲ್ಪ ನೀರು, ಆಯಿತು. ಓಡಿ ಬಂದ ಮೇಲೆ ನಲ್ಲಿ ಕೆಳಗೆ ತೊಳೆಯಿರಿ, ನಿಮ್ಮ ಕೈಗೂ ತುರಿಕೆ ಬರುವುದಿಲ್ಲ. ಕೇಬಲ್ ಇದರದ್ದೇ ಬೇರೆ, ಫೋನಿನದ್ದು ಹಾಕಲಾಗುವುದಿಲ್ಲ. ಕಳೆದುಕೊಂಡು ಆನ್‌ಲೈನಿನಲ್ಲಿ ಅಗ್ಗದ್ದು ತರಿಸಿದೆ, ಒಂದು ವಾರಕ್ಕೆ ಸತ್ತಿತು, ದುಡ್ಡು ವಾಪಸ್ ಕೇಳಿದ್ದಕ್ಕೆ ಆ ಅಂಗಡಿಯವರು ಇವತ್ತಿಗೂ "ನಿಮ್ಮ ದೂರು ನಮಗೆ ಮುಖ್ಯ" ಅಂತ ಮೆಸೇಜು ಕಳಿಸುತ್ತಿದ್ದಾರೆ.

ತೆಗೆದುಕೊಳ್ಳಬಹುದಾ? ಈಗ ಇದಕ್ಕಿಂತ ಹೊಸವು ಬಂದಿವೆ. ಮೊದಲ ಹತ್ತು ಕಿಲೋಮೀಟರೋ, ಹಾಫ್ ಮ್ಯಾರಥಾನೋ ಓಡಬೇಕು ಅನ್ನುವವರಿಗೆ, ಕಮ್ಮಿ ದುಡ್ಡಿಗೆ ಸಿಕ್ಕಿದರೆ, ಯಾರಾದರೂ ಪರಿಚಯದವರು ಚೆನ್ನಾಗಿ ಇಟ್ಟುಕೊಂಡಿದ್ದನ್ನು ಕೊಟ್ಟರೆ, ಧಾರಾಳವಾಗಿ ತೆಗೆದುಕೊಳ್ಳಿ. ಪೇಟೆಗೆ, ಮದುವೆಗೆ, ಸೀರೆಗೆ ಮ್ಯಾಚಿಂಗ್ ಕಟ್ಟಿಕೊಳ್ಳಲು ಬೇಕಿದ್ದರೆ ಇದು ಬೇಡ. ಮ್ಯಾಪು ಬೇಕು, ಹಾಡು ಬೇಕು ಅನ್ನುವವರಿಗೂ ಬೇಡ. ಐದಕ್ಕೆ ನನ್ನ ಲೆಕ್ಕದಲ್ಲಿ ನಾಲ್ಕು. ಕಳೆದ ಒಂದು ಯಾಕೆ ಅಂತ ಕೇಳಿದರೆ ಆ ಎರಡು ಬಟನ್ನು ಅಷ್ಟು ಹತ್ತಿರ ಇರುವುದಕ್ಕೆ ಅಂತ ಹೇಳಬೇಕು ಅನ್ನಿಸುತ್ತದೆ, ಆದರೆ ಕಿತ್ತಳೆ ತಿಂದು ಕೈ ಒರೆಸಿಕೊಳ್ಳದವಳು ನಾನು.

ಹೋದ ತಿಂಗಳಿಂದ ವಾಚು ದಿನ ಬಿಟ್ಟು ದಿನ ನಮ್ಮವರ ಕೈಯಲ್ಲಿದೆ. ಕೃಷ್ಣರಾವ್ ಪಾರ್ಕಿನಲ್ಲಿ ನಡೆಯುತ್ತಿದ್ದವರು ಈಗ ನಡುನಡುವೆ ಓಡುತ್ತಿದ್ದಾರೆ. ಮೊನ್ನೆ ಬಂದು, "ಏನೇ, ನನ್ನ ಪೇಸು ಆರೂವರೆ ಬಂತು" ಅಂದರು. ತೆಗೆದು ನೋಡಿದೆ. ಆಟೋ ಪಾಸ್ ಆನ್ ಮಾಡಿಕೊಂಡಿದ್ದಾರೆ. ನಾನಿನ್ನೂ ಏನೂ ಹೇಳಿಲ್ಲ.